ಬಾಣಂತಿಯ ಮನೋವ್ಯಥೆ: ಹೊಣೆ ಯಾರದು?

ನಮ್ಮ ಮನೆಗಳಲ್ಲಿ ಮಗು ಹುಟ್ಟಿತೆಂಬ ಸುದ್ದಿಗಿಂತ ಸಂತೋಷದ ಸುದ್ದಿ ಬೇರೊಂದಿಲ್ಲ. ಊರಿನಿಂದ ಫೋನು ಬಂದೊಡನೆ ಪೇಡೆ ಹಂಚುತ್ತೇವೆ; ಮಗುವಿನ ತೂಕವೆಷ್ಟು, ಹೋಲಿಕೆ ಯಾರದು ಎಂದು ವಿಚಾರಿಸುತ್ತೇವೆ. ಹೆತ್ತವಳ ವಿಷಯದಲ್ಲಿ ಮಾತ್ರ ‘ತಾಯಿ, ಮಗು ಇಬ್ಬರೂ ಕ್ಷೇಮ’ ಎಂಬ ಒಂದೇ ಮಾತಿನಿಂದ ತೃಪ್ತರಾಗುತ್ತೇವೆ. ಆ ಮಾತು ದೇಹದ ಕ್ಷೇಮವನ್ನು ಕುರಿತದ್ದು. ಮನಸ್ಸಿನ ಕ್ಷೇಮವನ್ನು ಕೇಳುವವರೂ ಇಲ್ಲ, ಹೇಳುವವರೂ ಇಲ್ಲ. ಈ ಮೌನದ ಬೆಲೆಯನ್ನು ತೆರುತ್ತಿರುವವರು ನಮ್ಮ ಹೆಣ್ಣುಮಕ್ಕಳು.

ಹೆರಿಗೆಯ ನಂತರದ ಕಣ್ಣೀರೆಲ್ಲ ರೋಗವಲ್ಲ. ಮೊದಲ ಕೆಲವು ದಿನಗಳಲ್ಲಿ ಕಾರಣವಿಲ್ಲದೆ ಅಳು ಬರುವುದು, ಸಣ್ಣ ಮಾತಿಗೆ ಮನಸ್ಸು ನೋಯುವುದು ಅರ್ಧಕ್ಕಿಂತ ಹೆಚ್ಚು ತಾಯಂದಿರಿಗೆ ಸಹಜ. ಎರಡು ವಾರಗಳೊಳಗೆ ಅದು ತಾನಾಗಿ ಶಮನವಾಗುತ್ತದೆ. ಇದಕ್ಕೆ ತೀರ ಭಿನ್ನವಾದದ್ದು, ನಮ್ಮ ಹಿರಿಯರು ‘ಬಾಣಂತಿ ಸನ್ನಿ’ ಎಂದು ಹೆದರುತ್ತಿದ್ದ ಚಿತ್ತಭ್ರಮೆ. ಅದು ಸಾವಿರ ಹೆರಿಗೆಗಳಲ್ಲಿ ಒಂದೆರಡು ಕಡೆ ಮಾತ್ರ ಕಾಣಿಸಿದರೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕಾದ ವ್ಯಾಧಿ. ಇವೆರಡರ ನಡುವಿನದೇ ಖಿನ್ನತೆ. ವಾರಗಳು ಕಳೆದರೂ ಉತ್ಸಾಹವಿಲ್ಲ. ಮಗು ಮಲಗಿದ್ದರೂ ತಾಯಿಗೆ ನಿದ್ದೆಯಿಲ್ಲ. ಎತ್ತಿಕೊಂಡ ಮಗುವಿನ ಮೇಲೆ ಮಮತೆ ಹುಟ್ಟುತ್ತಿಲ್ಲವೆಂಬ ಅಪರಾಧ ಭಾವನೆ. ಕೆಲವರಲ್ಲಿ ಬದುಕೇ ಬೇಡವೆಂಬ ಯೋಚನೆ. ಮನೆಯವರು ಇದನ್ನು ‘ಸೋಮಾರಿತನ’ ಎನ್ನುತ್ತಾರೆ, ‘ದೃಷ್ಟಿ ತಾಗಿದೆ’ ಎನ್ನುತ್ತಾರೆ, ರೋಗವೆನ್ನುವವರು ವಿರಳ.

ಇದು ಅಪರೂಪದ ಸಂಗತಿಯೆಂದು ಭಾವಿಸುವವರು ಅಂಕಿ-ಅಂಶಗಳನ್ನು ಗಮನಿಸಬೇಕು. ಭಾರತದಲ್ಲಿ ನಡೆದ 38 ಅಧ್ಯಯನಗಳನ್ನು, ಅಂದರೆ 20,000ಕ್ಕೂ ಮಿಕ್ಕಿದ ತಾಯಂದಿರ ವಿವರಗಳನ್ನು ಒಟ್ಟುಗೂಡಿಸಿ ನೋಡಿದ ಸಮೀಕ್ಷೆಯೊಂದು 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರಂತೆ ಈ ವ್ಯಥೆಗೆ ಒಳಗಾಗುವವರು ನೂರಕ್ಕೆ 22. ಗೋವೆಯಲ್ಲಿ 270 ತಾಯಂದಿರನ್ನು ಕುರಿತು ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿಯೂ ಹೆರಿಗೆಯಾದ ಆರರಿಂದ ಎಂಟು ವಾರಗಳಲ್ಲಿ ನೂರಕ್ಕೆ 23 ಮಂದಿ ಖಿನ್ನರಾಗಿದ್ದರು. ಅವರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚಿನವರು ಗರ್ಭಿಣಿಯಾಗಿದ್ದಾಗಲೇ ಮನಸ್ಸಿನ ತೊಂದರೆಯಲ್ಲಿದ್ದವರು. ಅರ್ಧಕ್ಕಿಂತ ಹೆಚ್ಚಿನವರು ಆರು ತಿಂಗಳಾದರೂ ಚೇತರಿಸಿಕೊಳ್ಳಲಿಲ್ಲ.

ಕಾರಣಗಳೇನು? ಹೆರಿಗೆಯೊಡನೆ ದೇಹದ ರಸಗಳಲ್ಲಿ ಏರುಪೇರಾಗುವುದು ನಿಜ. ಆದರೆ ಆ ಏರುಪೇರು ಎಲ್ಲ ತಾಯಂದಿರಿಗೂ ಸಮಾನವಷ್ಟೆ. ಖಿನ್ನತೆ ಮಾತ್ರ ಎಲ್ಲರನ್ನೂ ಬಾಧಿಸುವುದಿಲ್ಲ. ಗೋವೆಯ ಅಧ್ಯಯನ ಬೆರಳು ಮಾಡಿ ತೋರಿಸಿದ್ದು ಬಡತನವನ್ನು, ಗಂಡಹೆಂಡಿರ ನಡುವಿನ ವೈಮನಸ್ಸನ್ನು, ಹೆಣ್ಣು ಹುಟ್ಟಿತೆಂಬ ಕೊರಗನ್ನು. ತಮಿಳುನಾಡಿನ ಹಳ್ಳಿಗಳಲ್ಲಿ ನಡೆದ ಮತ್ತೊಂದು ಅಧ್ಯಯನವೂ ಇದನ್ನೇ ಹೇಳಿ, ಅತ್ತೆಯೊಡನೆ ಮಾತ್ರವಲ್ಲದೆ ಹೆತ್ತವರೊಡನೆ ಇರುವ ಮನಸ್ತಾಪವನ್ನೂ, ಕೈಗೆ ಆಸರೆಯಾಗುವ ಜನವಿಲ್ಲದಿರುವುದನ್ನೂ ಸೇರಿಸಿತು. ಗಂಡು ಬೇಕೆಂಬ ಹಂಬಲ ತಾಯಿಯ ರಕ್ತದಲ್ಲಿ ಹುಟ್ಟಿದ್ದಲ್ಲ. ಅವಳ ಸುತ್ತ ನಿಂತವರ ಮುಖಗಳಲ್ಲಿ ಹುಟ್ಟಿದ್ದು.

ಹೊರನಾಡಿನಲ್ಲಿರುವ ನಮಗೆ ಈ ಪ್ರಶ್ನೆ ಇನ್ನಷ್ಟು ತೀವ್ರವಾದದ್ದು. ಬಾಣಂತನಕ್ಕೆ ತವರಿಗೆ ಕಳುಹಿಸುವ ಪದ್ಧತಿ ಒಳ್ಳೆಯದೇ. ಎಣ್ಣೆನೀರು, ಪಥ್ಯದ ಊಟ, ತಾಯಿಯ ಕೈಯ ಆರೈಕೆ ಅಲ್ಲಿ ದೊರೆಯುತ್ತವೆ. ಆದರೆ ಆ ದಿನಗಳಲ್ಲಿ ಗಂಡನು ನೂರಾರು ಮೈಲಿ ದೂರದಲ್ಲಿರುತ್ತಾನೆ. ಮೂರು ತಿಂಗಳ ಬಳಿಕ ಅವಳು ಮುಂಬಯಿಯ ಚಾಳಿನ ಒಂದೇ ಕೋಣೆಗೆ ಮರಳಿದಾಗ ತಾಯಿ ದೂರವಾಗುತ್ತಾಳೆ. ಗಂಡನು ಬೆಳಗಿನ ಲೋಕಲ್ ಹಿಡಿದು ಹೋದವನು ರಾತ್ರಿ ಬರುತ್ತಾನೆ. ನೆರೆಯವರ ಭಾಷೆ ಹೊಸದು. ಖಿನ್ನತೆಯಾದರೋ ನಲ್ವತ್ತು ದಿನಗಳ ಲೆಕ್ಕವನ್ನರಿಯದು. ಮೊದಲ ವರ್ಷದೊಳಗೆ ಯಾವಾಗಲಾದರೂ ತಲೆದೋರಬಹುದು. ಬಾಣಂತನ ಮುಗಿಯಿತೆಂದು ನಾವು ನಿಶ್ಚಿಂತರಾಗುವ ಹೊತ್ತಿಗೇ ಅವಳ ಒಂಟಿತನ ಆರಂಭವಾಗುತ್ತದೆ.

ಇಲ್ಲಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಹೋಟೆಲಿನ ಗಲ್ಲದಲ್ಲಿ ಕುಳಿತಿದ್ದ ದಿನಗಳಲ್ಲಿ ಮಾಣಿಯೊಬ್ಬನು ಮಗು ಹುಟ್ಟಿತೆಂದು ಎಂಟು ದಿನಗಳ ರಜೆ ಕೇಳಿದನು. ‘ಹೆತ್ತವಳು ಅವಳು, ನಿನಗೇಕೆ ರಜೆ?’ ಎಂದು ನಗುತ್ತಲೇ ಕೇಳಿ, ಮೂರು ದಿನ ಕೊಟ್ಟು, ಉದಾರಿಗಳೆಂದು ಬೀಗಿದೆವು. ಮುಂದೆ ಆ ಹುಡುಗಿ ವರ್ಷವಿಡೀ ಮಾತಿಲ್ಲದೆ ಕುಳಿತಿದ್ದಳೆಂದು ಕೇಳಿದಾಗಲೂ ನಮ್ಮ ಮಾತು ನೆನಪಾಗಲಿಲ್ಲ. ಈಗ ನೆನಪಾಗುತ್ತಿದೆ. ರಜೆಯೊಂದರಿಂದಲೇ ಆ ವ್ಯಥೆ ನಿಲ್ಲುತ್ತಿತ್ತೆಂದು ನಾವು ಹೇಳಲಾರೆವು. ಆದರೆ ಒಂಟಿತನವನ್ನು ಹೆಚ್ಚಿಸಿದವರಲ್ಲಿ ನಾವೂ ಒಬ್ಬರು.

ಕಾನೂನು ಕೆಲವು ಹೆಜ್ಜೆ ಮುಂದಿಟ್ಟಿದೆ. 2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರಗಳಿಗೆ ಏರಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನು ಉಳಿಸಿಕೊಂಡಿತು. ಆದರೆ ಹತ್ತು ಜನರಿಗಿಂತ ಕಡಿಮೆ ಕೆಲಸಗಾರರಿರುವ ಅಂಗಡಿಗಳು ಅದರ ವ್ಯಾಪ್ತಿಗೆ ಬಾರವು. ತಂದೆಯ ರಜೆಯ ಮಾತು ಅದರಲ್ಲಿಲ್ಲ. ಕೇಂದ್ರ ಸರಕಾರದ ನೌಕರನಿಗೆ 15 ದಿನಗಳ ರಜೆಯುಂಟು, ಹೋಟೆಲಿನ ಅಡುಗೆಯವನಿಗಿಲ್ಲ. 2017ರ ಮಾನಸಿಕ ಆರೋಗ್ಯ ಕಾಯಿದೆಯು ಚಿಕಿತ್ಸೆಯಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸಬಾರದೆಂದು ವಿಧಿಸಿರುವುದು ಸ್ತುತ್ಯರ್ಹ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗುವನ್ನು ಒಟ್ಟಿಗೇ ಇರಿಸಿಕೊಂಡು ಚಿಕಿತ್ಸೆ ನೀಡುವ ವಿಭಾಗವಿರುವುದು ಕನ್ನಡಿಗರಿಗೆ ಹೆಮ್ಮೆಯ ವಿಷಯ.

ಕಾನೂನಿಗಾಗಿ ಕಾಯದೆ ನಾವು ಮಾಡಬಹುದಾದದ್ದು ಬಹಳವಿದೆ. ಏಳು ದಿನಗಳ ಮನಃಸ್ಥಿತಿಯನ್ನು ಹತ್ತು ಪ್ರಶ್ನೆಗಳಿಂದ ಅಳೆಯುವ, 1987ರಲ್ಲಿ ಎಡಿನ್‌ಬರೋದಲ್ಲಿ ರೂಪುಗೊಂಡ ಪ್ರಶ್ನಾವಳಿ ಕನ್ನಡದಲ್ಲಿಯೂ ಬಳಕೆಯಲ್ಲಿದೆ. ನಮ್ಮ ಸಂಘಗಳ ಮಹಿಳಾ ವಿಭಾಗಗಳು ವೈದ್ಯರ ನೆರವಿನಿಂದ ಅದನ್ನು ಬಳಸಲಿ; ಊರಿನಿಂದ ಮರಳಿದ ಬಾಣಂತಿಯ ಮನೆಗೆ ವಾರಕ್ಕೊಮ್ಮೆ ಹಿರಿಯರೊಬ್ಬರು ಹೋಗಿ ಕನ್ನಡದಲ್ಲಿ ನಾಲ್ಕು ಮಾತಾಡಲಿ. ಹೋಟೆಲು ಮಾಲಿಕರು ತಂದೆಯಾದ ಕೆಲಸಗಾರನಿಗೆ ಹದಿನೈದು ದಿನ ಸಂಬಳಸಹಿತ ರಜೆ ಕೊಡಲಿ. ಈ ವ್ಯಾಧಿ ಗುಣವಾಗುವಂಥದು; ಸಮಾಲೋಚನೆಯಿಂದ ಅನೇಕರು ಚೇತರಿಸಿಕೊಳ್ಳುತ್ತಾರೆ, ಹಾಲುಣಿಸುವ ತಾಯಿಗೂ ವೈದ್ಯರು ಕೊಡಬಹುದಾದ ಔಷಧಗಳಿವೆ. 2022ರಲ್ಲಿ ಸರಕಾರ ಆರಂಭಿಸಿದ ‘ಟೆಲಿ ಮಾನಸ್’ ಸೇವೆಯ 14416 ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆಮಾಡಬಹುದು. ಸಾಯುವ ಮಾತು ಬಾಣಂತಿಯ ಬಾಯಲ್ಲಿ ಬಂದರೆ ಅದನ್ನು ಹಗುರಾಗಿ ಎಣಿಸದೆ, ಅವಳನ್ನು ಒಂಟಿಯಾಗಿ ಬಿಡದೆ ಅಂದೇ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ವಾಚಕರಲ್ಲಿ ನಮ್ಮ ಬಿನ್ನಹ ಇಷ್ಟೆ. ಮುಂದಿನ ಬಾರಿ ಬಾಣಂತಿಯನ್ನು ಕಾಣಹೋದಾಗ ತೊಟ್ಟಿಲಿಗೆ ಬಾಗುವ ಮುನ್ನ ಅವಳ ಮುಖವನ್ನು ನೋಡಿರಿ. ‘ನಿನಗೆ ಹೇಗಿದೆ ತಾಯಿ?’ ಎಂದು ಕೇಳಿರಿ. ಉತ್ತರ ಬರುವವರೆಗೆ ಕುಳಿತಿರಿ.