ಹೆಗ್ಗಣದ ಹಲ್ಲನ್ನು ರೂಪಿಸಿದ್ದು ಜೋಳವಲ್ಲ

ನ್ಯಾಮತಿ, ಹೊನ್ನಾಳಿಗಳ ಮೆಕ್ಕೆಜೋಳದ ಹೊಲಗಳಲ್ಲಿ ಹೆಗ್ಗಣಗಳ ಹಾವಳಿಯನ್ನು ಕುರಿತು ಈಚೆಗೆ ಪ್ರಕಟವಾದ ಲೇಖನದ ಕರ್ತೃಗಳು, ಗಟ್ಟಿ ಕಾಳನ್ನು ತಲೆಮಾರುಗಳಿಂದ ಕಡಿದು ಕಡಿದೇ ಆ ಪ್ರಾಣಿಯ ಹಲ್ಲು ಇಂದಿನ ಆಕಾರವನ್ನು ತಳೆಯಿತೆಂದೂ, ಬೆಳೆಯನ್ನು ಬದಲಿಸಿದರೆ ಅದು ಕ್ರಮೇಣ ಮೊಂಡಾಗುವುದೆಂದೂ ನಿಸ್ಸಂಶಯವಾಗಿ ಸಾರಿರುವರು. ಇದು ಸರ್ವಥಾ ಅಗ್ರಾಹ್ಯ.

ಹೆಗ್ಗಣದ ತಲೆಬುರುಡೆಯೊಂದನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಬಾಗಿದ ಬಾಚಿಹಲ್ಲುಗಳ ಮುಂಬದಿಯಲ್ಲಿ ಮಾತ್ರ ಕಿತ್ತಳೆ ಛಾಯೆಯ ಎನಾಮೆಲ್ ಕಾಣುವುದು. ಹಿಂಬದಿಯ ಮೃದುವಾದ ಡೆಂಟಿನ್ ಬೇಗ ಸವೆಯುವುದರಿಂದ ಅಂಚು ಉಳಿಯಂತೆ ಹರಿತವಾಗುವುದು, ಬುಡವಾದರೋ ಆಜೀವಪರ್ಯಂತ ಬೆಳೆಯುತ್ತಲೇ ಇರುವುದು. ದವಡೆಹಲ್ಲಿನ ಗತಿಯೇ ಬೇರೆ: ಅದರ ಗುಬ್ಬಗಳು ವಸಡಿನೊಳಗೇ, ಒಂದು ಕಾಳೂ ಸೋಕುವ ಮುನ್ನವೇ, ಪೂರ್ಣವಾಗಿ ರೂಪುಗೊಳ್ಳುವುವು, ಆಮೇಲಿನ ಸವೆತ ಅವನ್ನು ಅಳಿಸಬಲ್ಲುದೇ ಹೊರತು ರಚಿಸಲಾರದು, ಮರಿಗಳಿಗೆ ದಾಟಲಾರದು. ಹುಟ್ಟಿನಿಂದಲೇ ತೋರುವ ಭೇದಗಳಲ್ಲಿ ಬದುಕಿಗೆ ಒದಗಿದವು ಉಳಿದು ಸಂಚಿತವಾಗುವುದೇ ಇಲ್ಲಿಯ ಕ್ರಮ.

ಅದಕ್ಕೆ ಹಿಡಿದ ಕಾಲವಾದರೂ ಎಷ್ಟು! ಪೊಟ್ವಾರ್ ಪ್ರಸ್ಥಭೂಮಿಯ ಶಿವಾಲಿಕ ಶಿಲಾಸ್ತರಗಳಲ್ಲಿ ದೊರೆತ, ಸುಮಾರು 1 ಕೋಟಿ 40 ಲಕ್ಷ ವರ್ಷಗಳ ಹಿಂದಿನ ಆಂಟೆಮಸ್ ಎಂಬ ಇಲಿಯ ಮೇಲ್ದವಡೆಯ ಹಲ್ಲಿನಲ್ಲಿ ಒಳಬದಿಯ ಹೊಸ ಗುಬ್ಬಗಳು ಇನ್ನೂ ಬಿಡಿಯಾಗಿದ್ದು, ತರುವಾಯದ ಪ್ರೊಗೊನೊಮಿಸ್‌ನಲ್ಲಿ ಅವು ನೆರೆಯವುಗಳೊಡನೆ ಕೂಡಿ ಅಡ್ಡಸಾಲುಗಳಾದುವು. ಹೆಗ್ಗಣದಲ್ಲಿ ಆ ಸಾಲುಗಳೇ ಪಟ್ಟಿಗಳಂತೆ ಬೆಸೆದುಕೊಂಡಿವೆ. ಅಮೆರಿಕ ಮೂಲದ ಮೆಕ್ಕೆಜೋಳಕ್ಕೆ ಈ ಕಾರ್ಯದಲ್ಲಿ ಪಾಲೆಲ್ಲಿಯದು?

ಇಂತಹ ಸಲಹೆಯನ್ನು ನಂಬಿ ನಮ್ಮ ರೈತರು ಬೆಳೆ ಬದಲಿಸಿ ಕಾಯುತ್ತ ಕೂರುವುದು ಬೇಡ; ಬದುಗಳ ಬಿಲಗಳನ್ನು ಅಗೆದು, ಅಲ್ಲಿ ಕೂಡಿಟ್ಟ ತೆನೆಗಳನ್ನು ತೆಗೆದು, ನೆರೆಹೊರೆಯವರೆಲ್ಲರೂ ಏಕಕಾಲದಲ್ಲಿ ಹತೋಟಿಗೆ ತೊಡಗಲಿ.