ಬಳೆ ಅಳತೆ ಗೊತ್ತಿದ್ದೋರಿಗೆ ಪೈಪಿನ ಕ್ಲಿಪ್ಪು ಏನು ದೊಡ್ಡದು?

ಕಾರು ಗ್ಯಾರೇಜಿಗೆ ಬಿಟ್ಟಾಗ ಟೈರು ಯಾವ ಕಂಪನೀದು, ಬ್ಯಾಟರಿಗೆ ಎಷ್ಟು ವರ್ಷ ಗ್ಯಾರಂಟಿ ಅಂತ ಎಲ್ಲಾರೂ ಕೇಳ್ತಾರೆ. ರೇಡಿಯೇಟರ್ ಪೈಪಿಗೆ ಯಾವ ಕ್ಲಿಪ್ಪು ಹಾಕಿದ್ರಿ ಅಂತ ಮಾತ್ರ ಯಾರೂ ಕೇಳಲ್ಲ. ಸಣ್ಣ ಸಾಮಾನು, ಅದನ್ನೇನು ಕೇಳೋದು ಅನ್ನೋ ತಾತ್ಸಾರ. ನಾನು ಹೇಳೋದು ಇಷ್ಟೇ ಅಕ್ಕಾರೆ, ಅದನ್ನ ಕೇಳಲೇಬೇಕು. ಅದೂ ನಾವು ಹೆಂಗಸರೇ ಕೇಳಬೇಕು. ಅಳತೆ ನೋಡಿ ಸಾಮಾನು ತರೋ ರೂಢಿ ಮನೇಲಿ ನಮಗಿದ್ದಷ್ಟು ಇನ್ನಾರಿಗೈತೆ? ಮೂರು ಲೀಟರ್ ಕುಕ್ಕರಿಗೆ ಐದು ಲೀಟರಿನ ಗ್ಯಾಸ್ಕೆಟ್ ಕೊಟ್ರೆ ಅಂಗಡಿಯೋನ ಮುಖಕ್ಕೇ ವಾಪಸ್ ಕೊಡ್ತೀವಿ. ಎರಡು-ನಾಲ್ಕರ ಕೈಗೆ ಎರಡು-ಎಂಟರ ಬಳೆ ಇಟ್ಕೊಂಡು ಯಾರಾದ್ರೂ ಜಾತ್ರೆಯಿಂದ ಬಂದಿದ್ದು ಐತೇನ್ರಿ?

ಹೋದ ಬೇಸಿಗೆ ನಮ್ಮ ನಾದಿನಿ ದಾವಣಗೆರೆಯಿಂದ ಹರಿಹರಕ್ಕೆ ಬರ್ತಿದ್ಲು. ಕಾರಲ್ಲಿ ಅವಳ ಅತ್ತೆ, ಎರಡು ಮಕ್ಕಳು. ಸುಮಾರು 14 ಕಿಲೋಮೀಟರ್ ದಾರಿ, ಅರ್ಧ ಗಂಟೆ ಮಾತು. ನಡುದಾರೀಲಿ ಬಿಸಿ ತೋರಿಸೋ ಮುಳ್ಳು ಕೆಂಪಿಗೆ ಹೋಯ್ತು, ಬಾನೆಟ್ಟಿನ ಸಂದೀಲಿ ಹಬೆ. ಪುಣ್ಯಕ್ಕೆ ಹುಡುಗಿ ಜಾಣೆ. ಕಾರು ಬದಿಗೆ ಹಾಕಿ, ಎಂಜಿನ್ ಆರಿಸಿ, ಎಲ್ಲಾರನ್ನೂ ಇಳಿಸಿ ದೂರ ನಿಲ್ಲಿಸಿ ಫೋನ್ ಮಾಡಿದ್ಲು. ಆಮೇಲೆ ನೋಡಿದ್ರೆ ಏನು? ಹದಿನೈದು ದಿನದ ಹಿಂದೆ ಒಂದು ಗ್ಯಾರೇಜಲ್ಲಿ ವಾಟರ್ ಪಂಪ್ ಕೆಲಸ ಮಾಡಿಸಿದ್ರು. ಕಂಪನಿಯ ಸ್ಪ್ರಿಂಗ್ ಕ್ಲಿಪ್ಪು ಬಿಚ್ಚಿ ಬಿಸಾಕಿ, ಡಬ್ಬೀಲಿದ್ದ ಯಾವುದೋ ದೊಡ್ಡ ಸ್ಕ್ರೂ ಕ್ಲಿಪ್ಪು ತಿರುವಿ ಕಳಿಸಿದ್ರು. ಅದರ ಪಟ್ಟಿ ಬಾಲದ ಹಂಗೆ ಒಂದು ಗೇಣು ಹೊರಗೆ ಚಾಚಿತ್ತು. ಸೋರಿದ್ದು ಅಲ್ಲೇ.

ನೀರು ಸೋರಿದ್ರೆ ತುಂಬಿಸಿದ್ರಾಯ್ತು ಅನ್ಬೇಡ್ರಿ. ಕೂಲೆಂಟ್ ಇಲ್ಲದೆ ಕಾರು ಓಡಿದ್ರೆ ಎಂಜಿನ್ನಿನ ಹೆಡ್ ಸೊಟ್ಟಗಾಗ್ತೈತೆ, ಗ್ಯಾಸ್ಕೆಟ್ ಸುಡ್ತೈತೆ. ಆಗ ಬಿಲ್ಲು ಹತ್ತಾರು ಸಾವಿರ. ಬಿಸಿ ಇದ್ದಾಗ ಯಾರಾದ್ರೂ ರೇಡಿಯೇಟರ್ ಮುಚ್ಚಳ ತೆಗೆದ್ರಂತೂ ಕುದಿಯೋ ನೀರು ಮುಖಕ್ಕೆ ಹಾರ್ತೈತೆ. ಕುಕ್ಕರಿನ ವಿಷಲ್ ಇಳಿಯೋ ಮುಂಚೆ ಮುಚ್ಚಳ ತೆಗೆಯಲ್ಲ ಅಲ್ವಾ, ಇದೂ ಹಂಗೇ.

ಈಗ ಕ್ಲಿಪ್ಪಿನ ಜಾತಿ ಹೇಳ್ತೀನಿ, ಬಾಳ ಇಲ್ಲ. ಒಂದು, ಸ್ಕ್ರೂ ತಿರುವೋ ಪಟ್ಟಿ ಕ್ಲಿಪ್ಪು. ಎಲ್ಲಾ ಅಂಗಡೀಲೂ ಸಿಗೋದು ಇದೇ. 1921ರಲ್ಲಿ ಲಮ್ಲಿ ರಾಬಿನ್ಸನ್ ಅಂತ ಇಂಗ್ಲೆಂಡಿನ ನೌಕಾಪಡೆಯಲ್ಲಿದ್ದೋರು ಮಾಡಿದ್ದು. ಜುಬಿಲಿ ಕ್ಲಿಪ್ ಅನ್ನೋ ಹೆಸರು ಅದಕ್ಕೇ. ಎರಡು, ಸ್ಪ್ರಿಂಗ್ ಕ್ಲಿಪ್ಪು. ಎರಡು ಕಿವಿ ಹಿಡಿದು ಇಕ್ಕಳದಲ್ಲಿ ಅಮುಕಿದ್ರೆ ಅಗಲ ಆಗ್ತೈತೆ, ಬಿಟ್ರೆ ತಾನೇ ಹಿಡ್ಕೊಳ್ತೈತೆ. ರಬ್ಬರ್ ಪೈಪು ಬಿಸಿಗೆ ಉಬ್ಬಿ ತಣ್ಣಗಾದಾಗ ಕುಗ್ಗಿದ್ರೆ ಇದೂ ಜೊತೇಲೇ ಹಿಗ್ಗಿ ಕುಗ್ತೈತೆ. ಕಂಪನಿಯೋರು ಎಷ್ಟೋ ಕಾರಿಗೆ ಇದನ್ನ ಹಾಕೋದು ಈ ಗುಣಕ್ಕೇ. ಮೂರು, ಕಿವಿ ಹಿಂಡಿ ಕೂರಿಸೋ ಕ್ಲಿಪ್ಪು. ಚಕ್ರದ ಹತ್ತಿರ ಗ್ರೀಸ್ ತುಂಬಿರೋ ರಬ್ಬರ್ ಬೂಟಿಗೆ ಇದನ್ನ ಹಾಕ್ತಾರೆ. ಒಂದ್ಸಲ ಹಿಂಡಿದ್ರೆ ಮುಗೀತು, ತೆಗೆಯೋವಾಗ ಕತ್ತರಿಸಬೇಕು. ಹಳೇದನ್ನೇ ನೆಟ್ಟಗೆ ಮಾಡಿ ಮತ್ತೆ ಹಾಕಿದ್ರೆ ಒಪ್ಪಬೇಡ್ರಿ. ಪೆಟ್ರೋಲ್, ಡೀಸೆಲ್ ಹೋಗೋ ಸಣ್ಣ ಪೈಪಿಗೆ ಅಂಚು ಮಡಚಿದ, ನುಣುಪು ಪಟ್ಟಿಯ ಸಣ್ಣ ಕ್ಲಿಪ್ಪೇ ಬೇರೆ ಬರ್ತೈತೆ. ಗೀರು ಕೊರೆದ ಪಟ್ಟಿ ಹಾಕಿದ್ರೆ ಮೆತ್ತನೆ ರಬ್ಬರನ್ನ ಕೊಯ್ತೈತೆ.

ಜಾತಿ ಆಯ್ತು, ಇನ್ನು ಅಳತೆ. ಸ್ಕ್ರೂ ಕ್ಲಿಪ್ಪಿನ ಪಟ್ಟಿ ಮೇಲೆ 20–32, 25–40 ಅಂತ ಬರೆದಿರ್ತಾರೆ. ಅಷ್ಟು ಮಿಲಿಮೀಟರ್ ದಪ್ಪದ ಪೈಪಿಗೆ ಅಂತ ಅರ್ಥ. ಪೈಪನ್ನ ಅದರ ಮೂತಿಗೆ ಕೂರಿಸಿದ ಮೇಲೆ ಹೊರಗಿನ ಅಳತೆ ಹಿಡೀಬೇಕು, ಯಾಕಂದ್ರೆ ಕೂರಿಸಿದಾಗ ರಬ್ಬರ್ ಹಿಗ್ಗಿರ್ತೈತೆ. ಆ ಅಳತೆ ಎರಡು ಅಂಕಿಯ ನಡುವೆ ಬರಬೇಕು. ಪೈಪು 30 ಇದ್ರೆ 25–40 ಸರಿ. ಬಾಳ ದೊಡ್ಡ ಕ್ಲಿಪ್ಪು ಬಿಗಿದ್ರೆ ಅದು ದುಂಡಗೆ ಕೂರಲ್ಲ, ಸ್ಕ್ರೂ ಹತ್ತಿರ ಮೊಟ್ಟೆ ಆಕಾರ ಆಗ್ತೈತೆ, ಅಲ್ಲಿ ಸಂದಿ ಬಿಡ್ತೈತೆ. ನಾದಿನಿ ಕಾರಲ್ಲಿ ಆಗಿದ್ದು ಇದೇ. ಅದಕ್ಕೆ ಇನ್ನಷ್ಟು ಬಿಗಿ ಅಂದ್ರೆ ರಬ್ಬರ್ ಹರೀತೈತೆ, ಇಲ್ಲಾ ರೇಡಿಯೇಟರಿನ ಪ್ಲಾಸ್ಟಿಕ್ ಮೂತಿ ಸೀಳ್ತೈತೆ. ಅಳತೆ ತಪ್ಪಿದ್ದನ್ನ ಬಿಗಿದು ಸರಿ ಮಾಡೋಕಾಗಲ್ಲ.

ಲೋಹಾನೂ ನೋಡ್ರಿ. ಪಟ್ಟಿ ಸ್ಟೀಲಿದ್ದು ಸ್ಕ್ರೂ ಬರೀ ಲೇಪದ ಕಬ್ಬಿಣ ಇರ್ತೈತೆ ಕೆಲವು ಸಲ. ಆ ಸ್ಕ್ರೂ ತುಕ್ಕು ಹಿಡಿದ್ರೆ ಬಿಚ್ಚೋಕೂ ಬರಲ್ಲ, ಬಿಗಿಯೋಕೂ ಬರಲ್ಲ. ಫ್ರಿಜ್ಜಿಗೆ ಅಂಟಿಸೋ ಮ್ಯಾಗ್ನೆಟ್ ಇಟ್ಟು ನೋಡ್ರಿ, ಸ್ಕ್ರೂಗೆ ಗಟ್ಟಿಯಾಗಿ ಅಂಟಿದ್ರೆ ಅದು ಒಳ್ಳೆ ಸ್ಟೀಲ್ ಇರೋದು ಕಷ್ಟ. ಪಾತ್ರೆ ಅಂಗಡೀಲಿ ನಾವು ಮಾಡೋ ಪರೀಕ್ಷೇನೇ ಇದು.

ಮೆಕ್ಯಾನಿಕ್ಕಿಗೆ ಇದೆಲ್ಲಾ ಗೊತ್ತಿರಲ್ವಾ ಅಂತ ನಮ್ಮ ಓರಗಿತ್ತಿ ಕೇಳಿದ್ಲು. ಗೊತ್ತಿರ್ತೈತೆ ಕಣವ್ವ. ಆದ್ರೆ ಸರಿ ಅಳತೇದು ತರೋಕೆ ಪಿ.ಬಿ. ರಸ್ತೆ ಅಂಗಡಿಗೆ ಹುಡುಗನ್ನ ಕಳಿಸಬೇಕು, ಹೊತ್ತಾಗ್ತೈತೆ. ನಾವೋ, ಬಿಲ್ಲಲ್ಲಿ ಹತ್ತು ರೂಪಾಯಿಗೂ ಚೌಕಾಸಿ ಮಾಡ್ತೀವಿ. ಕೈಗೆ ಸಿಕ್ಕಿದ್ದು ಹಾಕ್ತಾರೆ. ಅವರೊಬ್ಬರದ್ದೇ ತಪ್ಪು ಅನ್ನಲ್ಲ, ಕೇಳೋರಿದ್ರೆ ಸರಿಯಾದ್ದನ್ನೇ ಹಾಕ್ತಾರೆ. ಹರಿಹರದೋರಿಗಂತೂ ನಾನು ಹೇಳಿಕೊಡಬೇಕಿಲ್ಲ. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಬಂದು ಲೇತ್ ಮಾಡಿದ ಊರು ಅದು. ಕೂದಲೆಳೆ ಅಳತೆ ತಪ್ಪಿದ್ರೂ ಸಾಮಾನು ಪಕ್ಕಕ್ಕಿಡ್ತಿದ್ದ ಗಂಡಸರಿಗೆ ಬುತ್ತಿ ಕಟ್ಟಿದ ಕೈ ನಮ್ಮ ಅತ್ತೇರದ್ದು.

ಗ್ಯಾರೇಜಲ್ಲಿ ನಾಲ್ಕೇ ಮಾತು ಕೇಳ್ರಿ. ಬಿಚ್ಚಿದ ಹಳೇ ಕ್ಲಿಪ್ಪು ಎಲ್ಲಿ, ತೋರಿಸ್ರಿ. ಹೊಸದು ಅದೇ ಜಾತೀದಾ? ಅಳತೆ ಎಷ್ಟು? ಮೂತಿಯ ಉಬ್ಬಿನ ಹಿಂದೆ ಕೂರಿಸಿದೀರಾ, ತುದೀಲಿ ನೇತಾಡ್ತಿಲ್ಲ ತಾನೆ? ಸ್ಪ್ರಿಂಗ್ ಕ್ಲಿಪ್ಪು ತುಕ್ಕಿಲ್ಲದೆ ಬಿಗಿ ಇದ್ರೆ ಅದನ್ನೇ ವಾಪಸ್ ಹಾಕ್ರಿ ಅನ್ರಿ, ಸೋತಿದ್ರೆ ಅದೇ ಥರದ ಹೊಸದು. ಒಂದೆರಡು ದಿನ ಓಡಿಸಿದ ಮೇಲೆ ಬೆಳಿಗ್ಗೆ, ಎಂಜಿನ್ ತಣ್ಣಗಿದ್ದಾಗ ಕಾರಿನ ಕೆಳಗೆ ನೆಲ ನೋಡ್ರಿ. ಹಸಿರೋ ಕೆಂಪೋ ಬಣ್ಣದ ಹನಿ ಇದ್ರೆ ಕೂಲೆಂಟ್ ಸೋರ್ತೈತೆ ಅಂತ. ಅದು ಸಿಹಿ ವಿಷ, ಮಕ್ಕಳು, ನಾಯಿ-ಬೆಕ್ಕು ನೆಕ್ಕದ ಹಂಗೆ ಕೂಡಲೇ ತೊಳೀರಿ.

ಒಂದು ಎಚ್ಚರಿಕೆ. ಇದನ್ನ ಓದಿ ಕಾರಿನ ಕ್ಲಿಪ್ಪು ತಂದು ಅಡುಗೆ ಗ್ಯಾಸಿನ ಪೈಪಿಗೆ ಬಿಗೀಬೇಡ್ರಿ. ಆ ಪೈಪಿನ ಮೇಲೆ ಅವಧಿ ಮುದ್ರಿಸಿರ್ತಾರೆ, ಮುಗಿದಿದ್ರೆ ಏಜೆನ್ಸಿಯೋರನ್ನೇ ಕರೆಸಿ ಬದಲಾಯಿಸ್ರಿ. ವಾಸನೆ ಬಂದ್ರೆ ರೆಗ್ಯುಲೇಟರ್ ಆರಿಸಿ, ಕಿಟಕಿ ಬಾಗಿಲು ತೆಗೆದು, ಸ್ವಿಚ್ ಮುಟ್ಟದೆ ಹೊರಗೆ ಬಂದು 1906ಕ್ಕೆ ಫೋನ್ ಮಾಡ್ರಿ.

ಮುಂದಿನ ಸಲ ಸರ್ವೀಸಿಗೆ ಕಾರು ಬಿಡೋವಾಗ ಯಜಮಾನ್ರ ಜೊತೆ ನೀವೂ ಹೋಗ್ರಿ. ಬಿಲ್ಲಿನ ಕೊನೇ ಸಾಲಲ್ಲಿ ಕ್ಲಿಪ್ಪಿನ ಅಳತೆ ಬರೆಸ್ಕೊಂಡೇ ದುಡ್ಡು ಕೊಡ್ರಿ.