ತೆರೆದ ಕಡತಗಳಿಗೊಂದು ಮಿತಿ

ಕಡತವೆಂಬುದು ನಮ್ಮ ನಾಡಿನ ಹಳೆಯ ಮಾತು. ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಟ್ಟೆಗೆ ಬಳಿದು, ಒಣಗಿಸಿ, ಮಡಿಚಿ, ಬಳಪದಿಂದ ಲೆಕ್ಕ ಬರೆಯುತ್ತಿದ್ದ ಪುಸ್ತಕಕ್ಕೆ ಆ ಹೆಸರಿದ್ದಿತು. ಬಳಿಕ ಅದು ಕಾಗದದ ಕಟ್ಟಿಗೆ ಸಂದಿತು. ಈಗ ಗಣಕಯಂತ್ರದೊಳಗಿನ ಬರಹಕ್ಕೂ ಸಂದಿದೆ. ಚಿಂಚೋಳಿಯ ರೈತನಿಗೆ ಈ ಮೂರನೆಯ ಬಗೆಯ ಕಡತದೊಡನೆ ವ್ಯವಹಾರವು ಬಿದ್ದು ಇಪ್ಪತ್ತು ವರ್ಷಗಳ ಮೇಲಾಯಿತು. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯು ರಾಜ್ಯದ 177 ತಾಲ್ಲೂಕುಗಳಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ಚಿಂಚೋಳಿಯೂ ಅವುಗಳಲ್ಲಿ ಒಂದು. ತೊಗರಿಯ ಬೆಳೆಗೆ ಸಾಲವೆತ್ತಬೇಕಾದರೂ ಅಣ್ಣತಮ್ಮಂದಿರು ಪಾಲಾಗಬೇಕಾದರೂ ಆ ಹಾಳೆಯು ಬೇಕು.

ಹೀಗಿರಲು, ಇಂತಹ ಸೇವೆಯ ಹಿಂದಿರುವ ಯಂತ್ರವೊಂದು ‘ತೆರೆದ ಕಡತಗಳು ಅತಿಯಾದವು’ ಎಂದು ಹೇಳಿ ನಿಂತುಬಿಟ್ಟರೆ, ಒಂದು ದಿನದ ಕೂಲಿಯನ್ನು ಬಿಟ್ಟು ಬಂದವನಿಗೆ ತಿಳಿಯುವುದೇನು? ಚಿಂಚೋಳಿಯಲ್ಲಿ ಹಾಗಾಯಿತೆಂದು ನಾವು ಹೇಳುತ್ತಿಲ್ಲ. ಗಣಕಯಂತ್ರವಿದ್ದೆಡೆ ಎಲ್ಲಿಯೂ ಆಗಬಹುದಾದ ಮಾತಿದು. ಯಂತ್ರವು ಕೆಟ್ಟಿಲ್ಲ, ಕಡತಗಳು ನಾಶವಾಗಿಲ್ಲ, ಜಾಗವೂ ತುಂಬಿಲ್ಲ. ಮತ್ತೇನು?

ದಫ್ತರದ ಕಾವಲುಗಾರನನ್ನು ವಾಚಕರು ನೆನೆಯಲಿ. ಯಾವ ಗುಮಾಸ್ತನೂ ತಾನಾಗಿ ಬೀರುವಿಗೆ ಕೈಯಿಡುವಂತಿಲ್ಲ. ಕೇಳಬೇಕು, ಅವನು ಪುಸ್ತಕದಲ್ಲಿ ಬರೆದುಕೊಂಡು ಕೊಡಬೇಕು. ಆಪರೇಟಿಂಗ್ ಸಿಸ್ಟಂ ಎಂಬುದು ಆ ಕಾವಲುಗಾರ. ನಡೆಯುತ್ತಿರುವ ಪ್ರತಿಯೊಂದು ಪ್ರೋಗ್ರಾಮೂ ಒಬ್ಬ ಗುಮಾಸ್ತ. ಯೂನಿಕ್ಸ್ ಮತ್ತು ಲಿನಕ್ಸ್ ಮನೆತನದ ಯಂತ್ರಗಳಲ್ಲಿ, ಕಡತವೊಂದನ್ನು ತೆರೆದಾಗ ಖಾಲಿಯಿರುವ ಅತಿ ಸಣ್ಣ ಅಂಕೆಯು ಅದಕ್ಕೆ ದೊರೆಯುತ್ತದೆ. 0, 1, 2 ಎಂಬುವು ಮೊದಲೇ ಮುಡಿಪು: ಒಳಬರುವುದಕ್ಕೊಂದು, ಹೊರಹೋಗುವುದಕ್ಕೊಂದು, ತಪ್ಪನ್ನು ವರದಿ ಮಾಡುವುದಕ್ಕೊಂದು.

ಈ ಅಂಕೆಗಳಿಗೆ ಮಿತಿಯುಂಟು. 1979ರ ಯೂನಿಕ್ಸಿನಲ್ಲಿ ಒಂದು ಪ್ರೋಗ್ರಾಮಿಗೆ ಇಪ್ಪತ್ತೇ ಕಡತಗಳು. ಇಂದಿನ ಲಿನಕ್ಸ್‌ನಲ್ಲಿ ವಾಡಿಕೆಯ ಮಿತಿಯು 1024. ಇದು ಮೃದು ಮಿತಿ. ಪ್ರೋಗ್ರಾಮು ತಾನೇ ಇದನ್ನು ಏರಿಸಿಕೊಳ್ಳಬಹುದು, ಆದರೆ ಅದರ ಮೇಲಿರುವ ಕಠಿನ ಮಿತಿಯವರೆಗೆ ಮಾತ್ರ. ಕಠಿನ ಮಿತಿಯನ್ನು ಏರಿಸುವ ಅಧಿಕಾರವು ಯಂತ್ರದ ಯಜಮಾನನದು.

ಜಿಪುಣತನವೇಕೆಂದರೆ, ತೆರೆದ ಪ್ರತಿಯೊಂದು ಕಡತದ ದಾಖಲೆಯೂ ಎಲ್ಲರಿಗೂ ಸೇರಿದ ಸ್ಮೃತಿಯನ್ನು ತಿನ್ನುತ್ತದೆ. ಕೇಳಿದುದನ್ನೆಲ್ಲ ಕೊಡುತ್ತ ಹೋದರೆ ಮರೆಗುಳಿಯಾದ ಒಂದೇ ಪ್ರೋಗ್ರಾಮು ಮಿಕ್ಕವರನ್ನೆಲ್ಲ ಉಪವಾಸ ಕೆಡವೀತು. ಮಿತಿಯಿದ್ದರೆ ಅದೊಂದೇ ನಿಲ್ಲುತ್ತದೆ.

ಇಲ್ಲೊಂದು ಸೂಕ್ಷ್ಮವುಂಟು. ದೂರದಿಂದ ಜಾಲದ ಮೂಲಕ ಬಂದ ಪ್ರತಿಯೊಬ್ಬ ಗಿರಾಕಿಯ ಸಂಪರ್ಕವೂ ಲೆಕ್ಕದಲ್ಲಿ ಒಂದು ಕಡತವೇ. ಏಕಕಾಲಕ್ಕೆ ಸಾವಿರ ಮಂದಿ ಬಂದರೆ 1024 ಎಂಬುದು ತೀರಿಹೋಗುವುದು ಸಹಜ. ಅಲ್ಲಿ ಮಿತಿಯನ್ನು ಹೆಚ್ಚಿಸುವುದೇ ನ್ಯಾಯ. ಆದರೆ ಪ್ರೋಗ್ರಾಮು ತೆರೆದುದನ್ನು ಮುಚ್ಚದೆ ಮರೆಯುತ್ತಿದ್ದರೆ, ಹೆಚ್ಚಿಸಿದ ಮಿತಿಯೂ ಕೆಲವು ದಿನಗಳಲ್ಲಿ ತುಂಬುತ್ತದೆ. ಯಂತ್ರವನ್ನು ಆರಿಸಿ ಹಚ್ಚಿದರೆ ಸರಿಹೋಗುವುದೂ ಇದರಿಂದಲೇ: ಪ್ರೋಗ್ರಾಮು ಮುಗಿದೊಡನೆ ಅದರ ಕಡತಗಳನ್ನೆಲ್ಲ ಕಾವಲುಗಾರನು ಹಿಂದಕ್ಕೆ ಪಡೆಯುತ್ತಾನೆ. ಮರೆವಿನ ರೋಗವು ಮಾತ್ರ ಹಾಗೆಯೇ ಉಳಿಯುತ್ತದೆ. ಅನೇಕರು ಈ ಉಪಾಯದಿಂದಲೇ ವರ್ಷಗಳನ್ನು ನೂಕುತ್ತಾರೆ. ನಮಗಂತೂ ಇದು ಮೆಚ್ಚಿಕೆಯಿಲ್ಲ.

ಎಲ್ಲರಿಗೂ ಒಮ್ಮೆಗೇ ದೊಡ್ಡ ಮಿತಿಯನ್ನು ಕೊಟ್ಟುಬಿಡಬಾರದೇಕೆ? ‘ಸೆಲೆಕ್ಟ್’ ಎಂಬ ಹಳೆಯ ವಿಧಾನವನ್ನು ನಂಬಿದ ಪ್ರೋಗ್ರಾಮುಗಳಿಗೆ 1023ರ ಮೇಲಿನ ಅಂಕೆಗಳು ಒಗ್ಗುವುದಿಲ್ಲ, ಅವು ದಾರಿತಪ್ಪುತ್ತವೆ. ಆದುದರಿಂದಲೇ ಲಿನಕ್ಸ್‌ನ ‘ಸಿಸ್ಟಂಡಿ’ಯನ್ನು ಕಟ್ಟಿದವರು 2018ರಲ್ಲಿ ಕಠಿನ ಮಿತಿಯನ್ನು 5,24,288ಕ್ಕೆ ಏರಿಸಿದರೂ ಮೃದು ಮಿತಿಯನ್ನು 1024ರಲ್ಲಿಯೇ ಇರಿಸಿದರು.

ಮನೆಯಲ್ಲಿಯೋ ಅಂಗಡಿಯಲ್ಲಿಯೋ ಇಂತಹ ಯಂತ್ರವುಳ್ಳ ವಾಚಕರು, ರಿಪೇರಿಗೆ ಬಂದವನು ‘ಮಿತಿ ಹೆಚ್ಚಿಸಿದ್ದೇನೆ’ ಎಂದರೆ ಒಂದು ಪ್ರಶ್ನೆಯನ್ನು ಕೇಳಬಹುದು: ಗಿರಾಕಿಗಳಿಲ್ಲದ ನಡುರಾತ್ರಿಯಲ್ಲಿ ಎಷ್ಟು ಕಡತಗಳು ತೆರೆದಿದ್ದವು? ಜನ ಕರಗಿದಂತೆ ಸಂಖ್ಯೆಯೂ ಇಳಿದಿದ್ದರೆ ಅದು ಬರಿಯ ಜನಸಂದಣಿ. ಇಳಿಯದೆ ಏರುತ್ತಲೇ ಇದ್ದರೆ ಮರೆವು. ‘ಎಲ್‌ಎಸ್‌ಓಎಫ್’ ಎಂಬ ಆಜ್ಞೆಯು ಯಾವ ಪ್ರೋಗ್ರಾಮು ಯಾವ ಕಡತವನ್ನು ಹಿಡಿದು ಕುಳಿತಿದೆಯೆಂಬುದನ್ನು ಹೆಸರುಹೆಸರಾಗಿ ತೋರಿಸುತ್ತದೆ.